ನೈದಿಲೆಗೆ ಬೇಸಿಗೆಯ ನಿದ್ದೆ

ತಾರಸಿಯ ಮೇಲೆ ಟಬ್ ಇಟ್ಟು, ಅಂಗಳದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿ ನೈದಿಲೆ ಬೆಳೆಸುವ ಹವ್ಯಾಸ ದೊಡ್ಡ ನಗರಗಳಲ್ಲಿ ಬೇರೂರಿ ಈಗ ಬಯಲುಸೀಮೆಗೂ ಬಂದಿದೆ. ಈ ಹವ್ಯಾಸವನ್ನು ಒರೆಗೆ ಹಚ್ಚಲು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಂಥ ಜಾಗವೇ ಸರಿ. ವರ್ಷಕ್ಕೆ ಸುಮಾರು 450 ಮಿ.ಮೀ. ಮಳೆ ಬೀಳುವ ಸೀಮೆ ಇದು. ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳದು. ಬಿಸಿಲಿಗೂ ಗಾಳಿಗೂ ತೆರೆದಿಟ್ಟ ನೀರು ಆವಿಯಾಗುವ ಪ್ರಮಾಣ ಬೀಳುವ ಮಳೆಯ ಮೂರು ನಾಲ್ಕು ಪಟ್ಟು. ಅಂತರ್ಜಲವನ್ನು ಅತಿಯಾಗಿ ಬಳಸಿಕೊಂಡ ತಾಲ್ಲೂಕುಗಳ ಪಟ್ಟಿಯಲ್ಲಿ ಚಳ್ಳಕೆರೆಯ ಹೆಸರು ಬಹುಕಾಲದಿಂದ ಇದೆ.

ಇಂಥ ನೆಲದಲ್ಲಿ ನೀರ ತೋಟ ಸಲ್ಲದ ಶೋಕಿ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಇಲ್ಲಿ ನೀರ ತೋಟ ಇರಬೇಕು. ಆದರೆ ನರ್ಸರಿಗಳು ಕಲಿಸುತ್ತಿರುವ, ವರ್ಷವಿಡೀ ತುಂಬಿಯೇ ಇರಬೇಕಾದ ಮಾದರಿ ಈ ನೆಲಕ್ಕೂ ಸಲ್ಲದು, ಈ ನೆಲದ ನೈದಿಲೆಗೂ ಸಲ್ಲದು.

ನಮ್ಮ ಕೆರೆಕಟ್ಟೆಗಳ ನೈದಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹಗಲಿನಲ್ಲಿ ಅರಳುವುದು, ತಿಳಿನೀಲಿ ಅಥವಾ ಬಿಳಿ ಬಣ್ಣದ್ದು. ಸಸ್ಯಶಾಸ್ತ್ರದಲ್ಲಿ ನಿಂಫಿಯಾ ನೌಚಾಲಿ. ಇನ್ನೊಂದು ರಾತ್ರಿ ಅರಳಿ ಬೆಳಗಿನ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುವುದು, ಬಿಳಿ ಅಥವಾ ಗುಲಾಬಿ, ಎಲೆಯ ಅಂಚಿನಲ್ಲಿ ಹಲ್ಲು, ಅಡಿಯಲ್ಲಿ ನವಿರು ರೋಮ, ನಿಂಫಿಯಾ ಪ್ಯುಬೆಸೆನ್ಸ್. ಎರಡೂ ಬಹುವಾರ್ಷಿಕ. ಆದರೆ ಬಯಲುಸೀಮೆಯಲ್ಲಿ ಈ ಗಿಡ ವರ್ಷಗಟ್ಟಲೆ ಬಾಳುವುದು ಹಸಿರಾಗಿದ್ದುಕೊಂಡಲ್ಲ. ಕಟ್ಟೆಯ ನೀರು ಇಳಿಯುತ್ತ ಹೋದಂತೆ ಎಲೆಗಳು ಚಿಕ್ಕದಾಗಿ, ಹಳದಿಯಾಗಿ, ಕರಗಿಹೋಗುತ್ತವೆ. ಮೇಲಿನ ಕೆಸರು ಬಿರುಕು ಬಿಡುತ್ತದೆ. ಕೆಳಗೆ, ಇನ್ನೂ ತೇವ ಉಳಿದ ಗೋಡಿನಲ್ಲಿ, ಪುಟ್ಟ ಗಡ್ಡೆ ಉಸಿರು ಬಿಗಿಹಿಡಿದು ಮಲಗುತ್ತದೆ. ಅದರ ಜೊತೆಗೆ ಬೀಜವೂ ಇರುತ್ತದೆ. ಹೂ ಮುಗಿದ ಮೇಲೆ ಕಾಯಿ ನೀರೊಳಗೇ ಬಲಿಯುತ್ತದೆ. ಬಲಿತು ಬಿರಿದಾಗ ಬೀಜಗಳು ಮೆತ್ತನೆಯ ಪೊರೆಯ ಬಲದಿಂದ ಸ್ವಲ್ಪ ಹೊತ್ತು ತೇಲಿ, ಬೇರೆ ಬೇರೆ ಕಡೆ ಹೋಗಿ ಮುಳುಗುತ್ತವೆ. ನೀರು ಬಂದ ವರ್ಷ ಎದ್ದು, ಬಾರದ ವರ್ಷ ಮಲಗುವ ಈ ಏರ್ಪಾಡಿನಿಂದಲೇ ನೈದಿಲೆ ಬರಗಾಲದ ಸೀಮೆಯಲ್ಲಿ ಉಳಿದುಕೊಂಡು ಬಂದಿದೆ. ಇದೇ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಲ್ಲಿ ನೀರನ್ನು ನಂಬಿದ ಜೀವಕ್ಕೆ ಕಾಯುವುದು ಗೊತ್ತಿರಲೇಬೇಕು.

ಕಾವಲುಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ತಗ್ಗಿನಲ್ಲಿ ನೀರು, ಮರದ ನೆರಳು, ಕೊನೆಯವರೆಗೂ ಹುಲ್ಲು ಉಳಿಯುವ ಬೇಸಿಗೆ ಕಾವಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಒಂದೇ ನೆಲದಿಂದ ಹನ್ನೆರಡು ತಿಂಗಳೂ ಎಲ್ಲವನ್ನೂ ಕೇಳಬಾರದೆಂಬ ತಿಳಿವಳಿಕೆ ಆ ವಿಂಗಡಣೆಯಲ್ಲಿತ್ತು. ಇಂದಿನ ನೀರ ತೋಟದಲ್ಲಿ ಕಾಣೆಯಾಗಿರುವುದು ಇದೇ.

ನರ್ಸರಿಯಲ್ಲಿ ಸಿಗುವ ಹೂಗಳು ಚೆಲುವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ನೈದಿಲೆಯ ಮಿಶ್ರತಳಿಗಳ ಕಥೆಗೆ ನಮ್ಮ ಹೂವಿನ ಪಾಲೂ ಸೇರಿದೆ. ಇಂಗ್ಲೆಂಡಿನ ಚಾಟ್ಸ್‌ವರ್ಥ್‌ನಲ್ಲಿ 1851ರ ಸುಮಾರಿಗೆ ಬೆಳೆಸಿದ ಹೆಸರಾಂತ ಕೆಂಪು ಮಿಶ್ರತಳಿ ಡೆವೊನಿಯೆನ್ಸಿಸ್‌ಗೆ ಭಾರತದ ಕೆಂಪು ನೈದಿಲೆಯೇ ಒಂದು ಮೂಲ. ಆಮೇಲೆ ಅಮೆರಿಕದ ಮಿಸೌರಿ ಸಸ್ಯೋದ್ಯಾನದಲ್ಲಿ ಜಾರ್ಜ್ ಪ್ರಿಂಗ್ ಉಷ್ಣವಲಯದ ನೈದಿಲೆಗಳಿಂದ ಹತ್ತಾರು ತಳಿ ತೆಗೆದರು. ಈಚೆಗೆ ಥಾಯ್ಲೆಂಡ್ ಮುಂದಿದೆ. ಇವನ್ನು ಬೆಳೆಸುವುದು ತಪ್ಪಲ್ಲ. ನನ್ನ ತಕರಾರು ಇರುವುದು ಇವನ್ನೇ ನಾಡ ನೈದಿಲೆ ಎಂದು ಮಾರುವುದಕ್ಕೆ, ಮತ್ತು ತೊಟ್ಟಿಯಲ್ಲಿ ಹೆಚ್ಚಾದ ಗಿಡವನ್ನು ಊರ ಕೆರೆಗೆ ಎಸೆಯುವುದಕ್ಕೆ. ದಕ್ಷಿಣ ಅಮೆರಿಕದಿಂದ ಅಂದದ ಗಿಡವೆಂದು ಬಂದ ನೇರಳೆ ಹೂವಿನ ಅಂತರಗಂಗೆ ನಮ್ಮ ಕೆರೆಗಳನ್ನು ಹೇಗೆ ಮುಚ್ಚಿತೆಂಬುದನ್ನು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ನೀರಿನ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೊಳ ಎಂದುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ 8 ಮಿ.ಮೀ. ನೀರು ಆವಿಯಾದರೂ ಸುಮಾರು 75 ಲೀಟರ್ ಹೋಯಿತು. ಜಲಜೀವನ್ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ ನಿಗದಿ ಮಾಡಿರುವುದು 55 ಲೀಟರ್. ಬೋರ್‌ವೆಲ್ ನೀರಿನಿಂದ ಬೇಸಿಗೆಯಲ್ಲೂ ಕೊಳ ತುಂಬಿಸುವವರು ಒಬ್ಬ ಮನುಷ್ಯನ ಪಾಲಿಗಿಂತ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿದ್ದಾರೆ. ನೀರು ಆರಿದಷ್ಟೂ ಅದರೊಳಗಿನ ಲವಣ ಉಳಿದು ಗಟ್ಟಿಯಾಗುತ್ತದೆ; ಗಡಸು ನೀರನ್ನು ಮತ್ತೆ ಮತ್ತೆ ಸುರಿದ ತೊಟ್ಟಿಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವುದು ಇದರಿಂದಲೇ. ಮೂರಡಿ ಅಗಲದ ಒಂದು ಟಬ್ಬಿನ ಮಾತು ಬೇರೆ. ಅದರಿಂದ ದಿನಕ್ಕೆ ಹೋಗುವುದು ಐದಾರು ಲೀಟರ್. ಅಕ್ಕಿ ತೊಳೆದ, ಸೊಪ್ಪು ತೊಳೆದ ನೀರಿನಲ್ಲಿ ತೀರುವ ಲೆಕ್ಕ, ಅದೂ ಮಳೆ ಮುಗಿದ ಮೇಲಿನ ಕೆಲವು ತಿಂಗಳಿಗೆ ಮಾತ್ರ. ಸೋಪು, ಉಪ್ಪು ಸೇರಿದ ನೀರು ಮಾತ್ರ ಬೇಡ.

ಹಾಗಾಗಿ ಇಲ್ಲಿಯ ತೋಟಕ್ಕೆ ಮಳೆಯೇ ಪಂಚಾಂಗವಾಗಬೇಕು. ಅಗಲವಾದ ಟಬ್ಬಿಗೆ ಅರ್ಧ ಅಡಿಯಷ್ಟು ಕೆರೆಗೋಡು ಹಾಕಿ. ಹಸಿ ಸಗಣಿ ಬೇಡ. ಅದು ಕೊಳೆತು ನೀರು ನಾರುತ್ತದೆ, ಪಾಚಿ ಏಳುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ಒಂದೆರಡು ಹಿಡಿ ಗೋಡಿನ ಅಡಿಯಲ್ಲಿದ್ದರೆ ಸಾಕು. ಮಾಳಿಗೆಯ ಮಳೆನೀರು ಟಬ್ಬಿಗೆ ಬೀಳುವಂತೆ ಕೊಳವೆ ತಿರುಗಿಸಿದರೆ ಹಸ್ತ ಮಳೆಯ ಹೊತ್ತಿಗೆ ಒಂದಡಿ ನೀರು ನಿಂತೀತು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಕ್ಕರೆ ಗಿಡ ಹೂ ಬಿಡುತ್ತದೆ. ಮಾಘ ಕಳೆದು ಎಲೆ ಹಳದಿಯಾಗತೊಡಗಿದಾಗ ನೀರು ಹಾಕುವುದನ್ನು ನಿಲ್ಲಿಸಬೇಕು. ಇಲ್ಲಿ ಒಂದು ಎಚ್ಚರ ಬೇಕು. ಕಟ್ಟೆಯಲ್ಲಿ ಗಡ್ಡೆಗೆ ಆಳದ ತಂಪಿದೆ, ಟಬ್ಬಿನಲ್ಲಿ ಇಲ್ಲ. ಬಿಸಿಲಿನಲ್ಲೇ ಒಣಗಲು ಬಿಟ್ಟರೆ ಗಡ್ಡೆ ಬೆಂದುಹೋಗುತ್ತದೆ. ನೀರು ಇಂಗಿದ ಟಬ್ಬನ್ನು ನೆರಳಿಗೆ ಸರಿಸಿ, ಗೋಣಿಚೀಲ ಹೊದಿಸಿ, ಗೋಡು ಹದವಾಗಿ ತೇವವಿರುವಂತೆ ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ವರ್ಷವಿಡೀ ನೀರು ಕೊಟ್ಟರೆ ಇದೇ ಗಿಡ ಇನ್ನಷ್ಟು ಹೂ ಕೊಡುತ್ತದೆ ಎಂಬುದು ನಿಜ. ಮಳೆ ಹೆಚ್ಚಿರುವ ಕರಾವಳಿಯವರು ಹಾಗೆ ಬೆಳೆಸಿದರೆ ನನ್ನ ಆಕ್ಷೇಪವಿಲ್ಲ. ಚಳ್ಳಕೆರೆಯಲ್ಲಿ ಆ ಹೆಚ್ಚುವರಿ ಹೂವಿನ ಬೆಲೆ ತೀರಾ ಜಾಸ್ತಿ.

ಸೊಳ್ಳೆಯ ದೂರು ನ್ಯಾಯವಾದದ್ದು. ಅದಕ್ಕೆ ಎಲ್ಲರೂ ಕೊಡುವ ಔಷಧ ಗಪ್ಪಿ ಅಥವಾ ಗಾಂಬೂಸಿಯಾ ಮೀನು. ಎರಡೂ ಅಮೆರಿಕ ಖಂಡಗಳ ಮೂಲದವು. ಗಾಂಬೂಸಿಯಾ ನಮ್ಮ ದೇಶಕ್ಕೆ 1928ರಲ್ಲಿ ಇಟಲಿಯ ಮೂಲಕ ಬಂತು. ಅವು ಸೊಳ್ಳೆಮರಿಯನ್ನಷ್ಟೇ ಅಲ್ಲ, ಕಪ್ಪೆಯ ಗೊದಮೊಟ್ಟೆಯನ್ನೂ ನಾಡ ಮೀನಿನ ಮರಿಯನ್ನೂ ಬಿಡುವುದಿಲ್ಲ. ಮೇಲ್ನೀರಿನಲ್ಲೇ ಸುಳಿದಾಡುವ, ನೆತ್ತಿಯಲ್ಲಿ ಹೊಳೆವ ಚುಕ್ಕೆಯಿರುವ ನಮ್ಮದೇ ಪಂಚಾಕ್ಸ್ ಮೀನು ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಬೇಸಿಗೆಯಲ್ಲಿ ಟಬ್ ಒಣಗಿದರಂತೂ ಸೊಳ್ಳೆಯ ಸಂತಾನವೂ ಅಲ್ಲಿಗೇ ಕಡಿಯುತ್ತದೆ. ಮೀನನ್ನು ಅದಕ್ಕೆ ಮೊದಲೇ ಬೇರೆ ಪಾತ್ರೆಗೆ ದಾಟಿಸಿರಬೇಕು.

ಗಿಡ ಎಲ್ಲಿಂದ ತರಬೇಕು? ಕಟ್ಟೆಗೆ ಇಳಿದು ಗಡ್ಡೆ ಕಿತ್ತು ತರುವ ಚಾಳಿಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಬಲಿತ ಒಂದು ಕಾಯಿಯಲ್ಲಿ ನೂರಾರು ಬೀಜಗಳಿರುತ್ತವೆ, ಒಂದು ಊರಿನ ಟಬ್ಬುಗಳಿಗೆ ಅಷ್ಟು ಸಾಕು. ಬೀಜದಿಂದ ಹೂವಿಗೆ ತಡವಾಗುತ್ತದೆ, ಆಗಲಿ. ಆ ಕಟ್ಟೆಗಳೇ ಈಗ ಯಾರ ಕೈಯಲ್ಲಿವೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಕಳೆದ ದಶಕಗಳಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತಿತರ ಸಂಸ್ಥೆಗಳ ಪಾಲಾಯಿತು. ಉಳ್ಳಾರ್ತಿ ಕಾವಲಿನ ಸುಮಾರು 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಕುರಿಗಾಹಿಗಳೂ ದನಗಾಹಿಗಳೂ ಪ್ರತಿಭಟಿಸಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆಯೊಳಗೆ ಸೇರಿದ ನೆಲದಲ್ಲಿ ಮಳೆನೀರು ನಿಲ್ಲುವ ತಗ್ಗುಗಳನ್ನು ಮಟ್ಟ ಮಾಡದೆ, ಕಾಂಕ್ರೀಟು ಸುರಿಯದೆ, ತುಂಬಿದಾಗ ತುಂಬಲು, ಒಣಗಿದಾಗ ಒಣಗಲು ಬಿಟ್ಟರೆ ಆ ಆವರಣಗಳಿಗೆ ಬೇರೆ ಕೊಳದ, ಕಾರಂಜಿಯ ಅಗತ್ಯವೇ ಇಲ್ಲ. ವರ್ಷಕ್ಕೊಮ್ಮೆ, ಕಾಯಿ ಬಲಿಯುವ ಕಾಲಕ್ಕೆ, ಸುತ್ತಲಿನ ಹಳ್ಳಿಶಾಲೆಗಳ ಮಕ್ಕಳನ್ನೂ ಮೇಷ್ಟರನ್ನೂ ಒಳಗೆ ಕರೆದು ಬೀಜ ಆರಿಸಿಕೊಳ್ಳಲು ಬಿಡಲಿ. ಇದಕ್ಕೆ ಬೇಕಾದದ್ದು ಒಂದು ಅನುಮತಿ ಪತ್ರ ಮಾತ್ರ.