ವಚನದಲ್ಲಿ ಇಲ್ಲದ ಬಿರಡೆ, ಕುದುರೆ

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗಮನನ್ನು ಬೇಡುವ ವಚನದಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ನಾಲ್ಕೂ ಬರುತ್ತವೆ. ಬಾರದವು ಎರಡು: ತಂತಿಯನ್ನು ಬಿಗಿಯುವ ಬಿರಡೆ ಮತ್ತು ಅದನ್ನು ಹೊರುವ ಕುದುರೆ. ಅಗ್ಗದ ಏಕತಾರಿ ಕೆಡುವುದು ಬಹುಮಟ್ಟಿಗೆ ಈ ಎರಡರಲ್ಲೇ. ಜಾತ್ರೆಯಲ್ಲಿ ಕೊಂಡದ್ದು ತಿಂಗಳೊಳಗೆ ಮೂಲೆ ಸೇರಿದರೆ ದೂರು ಮಾತ್ರ ಬುರುಡೆಯ ಮೇಲೆ, ಚರ್ಮದ ಮೇಲೆ ಬೀಳುತ್ತದೆ.

ಕಟ್ಟಿಗೆಯ ಬಿರಡೆ ನಿಲ್ಲಬೇಕಾದರೆ ಅದರ ಮೈ ತೂತಿನ ಸುತ್ತಲೂ ತಾಗಬೇಕು. ಅವಸರದಲ್ಲಿ ಕೊರೆದ ತೂತಿನಲ್ಲಿ ಅದು ಒಂದೇ ಅಂಚಿಗೆ ಆತುಕೊಂಡಿರುತ್ತದೆ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಕಟ್ಟಿಗೆ ಒಣಗಿ ಕುಗ್ಗಿ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರುವುದಕ್ಕೆ ಖಡುವಿನ ಪುಡಿ, ಕಚ್ಚಿಕೊಳ್ಳುವುದಕ್ಕೆ ಒಣ ಸಾಬೂನು ಸಾಕು. ಎಣ್ಣೆಯನ್ನು ಮಾತ್ರ ಹತ್ತಿರ ತರಬಾರದು. ತಂತಿಯನ್ನು ಮೂರು ನಾಲ್ಕು ಸುತ್ತಿಗಿಂತ ಹೆಚ್ಚು ಸುತ್ತಿದರೆ ಒಂದರ ಮೇಲೊಂದು ಬಿದ್ದ ಸುತ್ತುಗಳು ಹಾಡಿನ ನಡುವೆ ಸರಿದು ಶ್ರುತಿ ಇಳಿಯುತ್ತದೆ. ಈಗ ಮಕ್ಕಳ ಕೈಗೆ ಬಂದಿರುವ ಅಗ್ಗದ ಯುಕುಲೇಲೆಯೂ ಶ್ರುತಿ ಇಳಿಯುತ್ತದೆ, ಆದರೆ ಕಾರಣ ಬೇರೆ: ಹೊಸ ನೈಲಾನ್ ತಂತಿ ಹಲವು ದಿನ ಹಿಗ್ಗುತ್ತಲೇ ಇರುತ್ತದೆ. ಉಕ್ಕಿನ ತಂತಿಗೆ ಆ ಚಾಳಿ ಕಡಿಮೆ. ಏಕತಾರಿಯ ಶ್ರುತಿ ಇಳಿದರೆ ಮೊದಲ ಅನುಮಾನ ಬಿರಡೆಯ ಮೇಲೇ ಇರಲಿ.

ಕುದುರೆಯ ಕಾಲು ಚರ್ಮದ ಮೇಲೆ ಪೂರ್ತಿ ಕೂತಿರಬೇಕು. ಕೆಳಗೆ ಕೂದಲೆಳೆಯಷ್ಟು ಸಂದು ಉಳಿದರೂ ದನಿ ಅಲ್ಲೇ ಸೋರುತ್ತದೆ. ಮೆದು ಕಟ್ಟಿಗೆಯಲ್ಲಿ ತಂತಿ ಕೊರೆದ ಕಚ್ಚನ್ನು ಪಾಲಿಶ್ ಕಾಗದದಿಂದ ಉಜ್ಜಿ ಸಮಮಾಡಬಹುದು. ಒಣಗಿದ ಬಿದಿರಿನ ಗಟ್ಟಿ ತುಂಡಿನಿಂದ ಹೊಸ ಕುದುರೆ ಕೆತ್ತಿಕೊಂಡರೆ ಇನ್ನೂ ಒಳ್ಳೆಯದು. ಚರ್ಮದ ನಟ್ಟನಡುವೆ ಇಟ್ಟ ಕುದುರೆಯಿಂದ ದನಿ ಥಟ್ಟನೆ ಎದ್ದು ಥಟ್ಟನೆ ಅಡಗುತ್ತದೆ. ಕೊಂಚ ಅಂಚಿನತ್ತ ಸರಿಸಿದರೆ ಜೋರು ತಗ್ಗಿ ಗುಂಗು ಉಳಿಯುತ್ತದೆ. ಏಕತಾರಿ ಹಿಡಿದು ಹಾಡುವ ತತ್ವಪದಕ್ಕೆ ಬೇಕಾದದ್ದು ಗುಂಗು.

ತಂತಿಯ ವಿಷಯದಲ್ಲಿ ಲೆಕ್ಕ ಸರಳ. 70 ಸೆಂಟಿಮೀಟರ್ ಉದ್ದದ, 0.3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು ಗಂಡುದನಿಯ ಕಪ್ಪು ಒಂದಕ್ಕೆ, ಅಂದರೆ ಸುಮಾರು 139 ಹರ್ಟ್ಜ್‌ಗೆ ತರಲು ಎರಡು ಕಿಲೋ ತೂಕದಷ್ಟು ಎಳೆತ ಸಾಕು. ಅದೇ ತಂತಿಯನ್ನು ಒಂದು ಸ್ಥಾಯಿ ಮೇಲೇರಿಸಲು ನಾಲ್ಕು ಪಟ್ಟು ಎಳೆಯಬೇಕು. ಎಂಟು ಕಿಲೋ ಭಾರ ತಾಳಲು ಅಗ್ಗದ ದಂಡಿಗೆ ಹುಟ್ಟಿಲ್ಲ. ಎತ್ತರದ ಶ್ರುತಿಯವರು ತೆಳು ತಂತಿ ಹಾಕಿಕೊಳ್ಳಬೇಕು.

ಇಷ್ಟಾದ ಮೇಲೂ ಏಕತಾರಿ ಅಪಸ್ವರವೆನಿಸಿದರೆ ತಪ್ಪು ಅದರದ್ದಾಗಿರದೆ ಪಕ್ಕದ ಹಾರ್ಮೋನಿಯಂನದ್ದಿರಬಹುದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ನಿಷೇಧ ಅತಿಯಾಯಿತು, ಆದರೆ ಅದರ ಸ್ವರ ಸರಿಯಾಗಿ ಕೂರದೆಂಬ ದೂರು ಸುಳ್ಳಲ್ಲ. ಮೀಟಿದ ತಂತಿಯಲ್ಲಿ ಷಡ್ಜದೊಳಗೇ ಗಾಂಧಾರವೊಂದು ಕೇಳುತ್ತದೆ. ಅದು ತಂತಿಯ ಐದನೇ ಉಪಸ್ವರ. ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ ಹಾರ್ಮೋನಿಯಂನ ಗಾಂಧಾರ ಇದಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಕುಸನೂರ, ಕಮಲಾಪುರ ಕಡೆಯ ಗುಡಿಯಲ್ಲಿ ಶ್ರಾವಣದ ಭಜನೆ ಕೂತಾಗ ಎರಡು ಗಾಂಧಾರಗಳು ತಿಕ್ಕಾಡುತ್ತವೆ. ಬೈಗುಳ ತಿನ್ನುವುದು ಅಗ್ಗದ ವಾದ್ಯ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಿಗೂ ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳಿಗೂ ಏಕತಾರಿ, ತಾಳ, ದಮ್ಮಡಿ ಸಾಕಾಗಿದ್ದವು. ಮೂರೂವರೆ ಸಪ್ತಕದ ಹಾರ್ಮೋನಿಯಂ ಪೆಟ್ಟಿಗೆ ಬಂದ ಮೇಲೆ ಪದದ ಮಾತೇ ಕೇಳದಾಗಿದೆ.

ಪೆಟ್ಟಿಗೆಯನ್ನು ಎಬ್ಬಿಸಿ ಕಳಿಸುವಂತಿಲ್ಲದಿದ್ದರೆ ಒಂದು ಉಪಾಯವಿದೆ. ತಂತಿಯನ್ನು ಎಲ್ಲಿ ಮೀಟುತ್ತಾರೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಏಳುವುದಿಲ್ಲ. ಹಾಗಾಗಿ ಉದ್ದದ ಐದನೇ ಒಂದು ಪಾಲಿನಲ್ಲಿ, 70 ಸೆಂಟಿಮೀಟರ್ ತಂತಿಯಾದರೆ ಕುದುರೆಯಿಂದ 14 ಸೆಂಟಿಮೀಟರ್ ದೂರದಲ್ಲಿ, ಬೆರಳ ತುದಿಯ ಮಾಂಸದಿಂದ ಮೀಟಿದರೆ ಗಾಂಧಾರ ಅಡಗಿ ಜಗಳ ತಣಿಯುತ್ತದೆ. ನಟ್ಟನಡುವೆ ಮೀಟಿದರೆ ಫಲ ತಿರುವುಮುರುವು: ಸಮಸಂಖ್ಯೆಯ ಉಪಸ್ವರಗಳು ಸುಮ್ಮನಾಗಿ ಪಂಚಮ, ಗಾಂಧಾರ ಎದ್ದು ಕೇಳುತ್ತವೆ, ಪೆಟ್ಟಿಗೆಯಿಲ್ಲದ ರಾತ್ರಿಗೆ ಅದೇ ಚೆಂದ. ತಂಬೂರಿಯಂತೆ ಅಗಲ ಬೆನ್ನಿನ ಜವಾರಿ ಕುದುರೆಯಿದ್ದರೆ ಈ ಲೆಕ್ಕ ನಡೆಯದು, ತಂತಿ ಆ ಬೆನ್ನನ್ನು ಸವರುತ್ತ ಅಡಗಿದ್ದನ್ನೆಲ್ಲ ಮತ್ತೆ ಎಬ್ಬಿಸುತ್ತದೆ.

ಚರ್ಮ ಹಸಿ ಗಾಳಿಗೆ ಸಡಿಲಾಗಿ ಕುದುರೆ ತಗ್ಗುತ್ತದೆ, ಒಣ ಗಾಳಿಗೆ ಬಿಗಿದು ಏರುತ್ತದೆ. ಮಳೆಯ ಸಂಜೆ ಹಾಡಿಗೆ ಮುಂಚೆ ತುಸು ದೂರದಿಂದ ಕೆಂಡದ ಬಿಸಿ ತಾಗಿಸಬೇಕು. ಹಾಡು ಮುಗಿದ ಮೇಲೆ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿ, ಇಲಿಗೆ ಎಟುಕದ ಎತ್ತರದಲ್ಲಿ ಮೊಳೆಗೆ ತೂಗುಹಾಕಬೇಕು.