ಕಂಡು ಬಿಟ್ಟ ಬಾಣ, ಕಾಣದೆ ಬಿಟ್ಟ ಬಾಣ

ಬಿಲ್ಲು ಹಿಡಿದು ಮೊದಲ ಜಿಂಕೆಯನ್ನು ಕೆಡವಿದವನ ಕಥೆ ಬೇಟೆಯ ಸಾಹಿತ್ಯದಲ್ಲಿ ಒಂದು ಹಳೆಯ ಅಚ್ಚು. ನಸುಕಿನ ಚಳಿ, ಉಸಿರು ಬಿಗಿಹಿಡಿದು ಕಾಯುವುದು, ಗುರಿತಪ್ಪಿದ ನಾಲ್ಕಾರು ಬಾಣಗಳು, ಕೊನೆಗೆ ನಾಟಿದ ಒಂದು, ನೆತ್ತರಿನ ಜಾಡು, ಆಮೇಲೆ ಹೆಮ್ಮೆ. ಇದನ್ನು ಓದಿದ ಪಟ್ಟಣವಾಸಿಗಳಲ್ಲಿ ಕೆಲವರು ಸಾಹಸವೆಂದು ತಲೆದೂಗುತ್ತಾರೆ. ಕೆಲವರು ಹಿಂಸೆಯೆಂದು ಪುಸ್ತಕ ಮುಚ್ಚುತ್ತಾರೆ. ಎರಡೂ ನನಗೆ ವಿಮರ್ಶೆಯಾಗಿ ತೋರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಜಿಂಕೆಯ ಬೇಟೆ ಅಪರಾಧ. ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ಕೃತಿಯೊಳಗಣ ಬೇಟೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ಪ್ರಶ್ನೆ ಉಳಿದೇ ಇದೆ.

ನಮ್ಮ ಪ್ರಾಚೀನರು ಈ ತಕ್ಕಡಿಯನ್ನು ನಮಗೆ ಕೊಟ್ಟುಹೋಗಿದ್ದಾರೆಂದು ನನ್ನ ನಂಬಿಕೆ. ಶಾಕುಂತಲದ ಮೊದಲ ಅಂಕವನ್ನು ನೆನೆಯಿರಿ. ರಥದ ಮುಂದೆ ಓಡುತ್ತಿರುವ ಜಿಂಕೆ ಕೊರಳು ತಿರುಗಿಸಿ ನೋಡುತ್ತದೆ. ಅರ್ಧ ಮೆಲಿದ ಹುಲ್ಲು ಬಾಯಿಂದ ದಾರಿಯಲ್ಲಿ ಉದುರುತ್ತದೆ. ಅಭಿನವಗುಪ್ತನು ರಸಾನುಭವವನ್ನು ವಿವರಿಸುವಾಗ ಎತ್ತಿಕೊಂಡ ಉದಾಹರಣೆ ಇದೇ. ಭಯ ಇಂಥ ಜಿಂಕೆಯದು, ಇಂಥ ಕಾಲದ್ದು ಎಂಬ ಕಟ್ಟು ಕಳಚಿ, ಬರಿಯ ಭಯವಾಗಿ ಸಹೃದಯನ ಮುಂದೆ ನಿಲ್ಲುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಇಲ್ಲೊಂದು ಸೂಕ್ಷ್ಮವಿದೆ. ಈ ವರ್ಣನೆ ಬರುವುದು ಬೇಟೆಗಾರನ ಬಾಯಿಂದಲೇ! ಬಿಲ್ಲು ಹಿಡಿದವನೇ ಜಿಂಕೆಯನ್ನು ಅಷ್ಟು ಚೆನ್ನಾಗಿ ಕಂಡಿದ್ದಾನೆ. ತಪಸ್ವಿಗಳು ಅಡ್ಡಬಂದು ಇದು ಆಶ್ರಮದ ಮೃಗವೆಂದಾಗ ಅವನು ಬಾಣವನ್ನು ಹಿಂತೆಗೆಯುವುದು ನಂಬುವಂತಾಗುವುದು ಆದ್ದರಿಂದಲೇ. ಪ್ರತಿಯಾಗಿ ಅವನಿಗೆ ದೊರೆತದ್ದು ಚಕ್ರವರ್ತಿಯಾಗುವ ಮಗನನ್ನು ಪಡೆಯೆಂಬ ಹರಕೆ.

ರಘುವಂಶದ ಒಂಬತ್ತನೆಯ ಸರ್ಗದಲ್ಲಿ ಕಾಳಿದಾಸ ಇದನ್ನೇ ಇನ್ನೂ ಕಠೋರವಾಗಿ ಹೇಳುತ್ತಾನೆ. ದಶರಥ ಗುರಿಯಿಟ್ಟ ಗಂಡುಜಿಂಕೆಗೆ ಹೆಣ್ಣು ತನ್ನ ಮೈಯನ್ನೇ ಮರೆಯಾಗಿ ಒಡ್ಡುತ್ತದೆ. ತಾನೂ ಪ್ರಣಯಿಯಾದ ದೊರೆ ಕಿವಿಯವರೆಗೆ ಸೆಳೆದ ಬಾಣವನ್ನು ಇಳಿಸುತ್ತಾನೆ. ಬೇರೆ ಜಿಂಕೆಗಳ ಬೆದರುಗಣ್ಣು ಪ್ರಿಯೆಯ ಕಣ್ಣನ್ನು ನೆನಪಿಗೆ ತಂದು ಅವನ ಮುಷ್ಟಿ ತಾನಾಗಿ ಸಡಿಲುತ್ತದೆ. ಅದೇ ದಶರಥ ಮುಂದೆ ತಮಸೆಯ ದಡದಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ದನಿಯೆಂದು ಬಗೆದು ಬಾಣ ಬಿಡುತ್ತಾನೆ, ಮುನಿಕುಮಾರ ಸಾಯುತ್ತಾನೆ. ಕಣ್ಣಿಗೆ ಕಂಡ ಜಿಂಕೆ ಬದುಕಿತು. ಕಿವಿಗೆ ಮಾತ್ರ ಕೇಳಿದ ಮನುಷ್ಯ ಸತ್ತ. ಎರಡು ಪ್ರಸಂಗಗಳನ್ನು ಕವಿ ಒಂದೇ ಸರ್ಗದಲ್ಲಿ ಇಟ್ಟದ್ದು ಆಕಸ್ಮಿಕವೆಂದು ನಾನು ಒಪ್ಪಲಾರೆ.

ಮಹಾಭಾರತದ ಪಾಂಡುವಿನ ಬಾಣವಂತೂ ಗುರಿ ತಪ್ಪಲಿಲ್ಲ. ಜಿಂಕೆಯ ರೂಪದಲ್ಲಿ ಮಡದಿಯೊಡನೆ ಕೂಡಿದ್ದ ಕಿಂದಮ ಮುನಿಗೆ ಅದು ನಾಟಿತು. ಸಾಯುವಾಗ ಮುನಿ ಹೇಳುವ ಮಾತು ಗಮನಾರ್ಹ: ಮೃಗವನ್ನು ಕೊಂದೆಯೆಂದು ನಾನು ನಿನ್ನನ್ನು ದೂರುವುದಿಲ್ಲ, ನಮ್ಮ ಕೂಟ ಮುಗಿಯುವವರೆಗೆ ನೀನು ಕಾಯಲಿಲ್ಲ. ಅಂದರೆ ತಪ್ಪು ಬಿಲ್ಲಿನದಲ್ಲ, ಕಣ್ಣಿನದು.

ಹಾಗಾದರೆ ನಮ್ಮವರ ತೀರ್ಪು ಕೊಲ್ಲಬೇಡವೆಂಬುದಷ್ಟೆಯೇ? ಅಲ್ಲ. ಹನ್ನೆರಡನೆಯ ಶತಮಾನದ ತಮಿಳಿನ ಪೆರಿಯಪುರಾಣದಲ್ಲಿ ಬೇಡರ ಹುಡುಗ ತಿಣ್ಣ ತನ್ನ ಮೊದಲ ಬೇಟೆಗೆ ಹೊರಡುತ್ತಾನೆ. ಅಲ್ಲಿ ಬಿದ್ದದ್ದು ಜಿಂಕೆಯಲ್ಲ, ಹಂದಿ. ಮಾಂಸವನ್ನು ಸುಟ್ಟು, ತಾನೇ ರುಚಿ ನೋಡಿ, ಒಳ್ಳೆಯ ತುಣುಕುಗಳನ್ನು ಆರಿಸಿ ಕಾಳಹಸ್ತಿಯ ಲಿಂಗಕ್ಕೆ ಒಯ್ಯುತ್ತಾನೆ. ನಮ್ಮ ಹರಿಹರನೂ ರಗಳೆಯಲ್ಲಿ ಕೊಂಡಾಡಿದ ಕಣ್ಣಪ್ಪ ಇವನೇ. ಯಾರೂ ಇವನನ್ನು ಶಪಿಸಲಿಲ್ಲ. ಬೇಟೆ ಅವನ ಬಾಳು. ಹೊಡೆದದ್ದು ಇನ್ನೊಬ್ಬರ ಹಸಿವಿಗಾಗಿ. ಆ ಇನ್ನೊಬ್ಬನು ದೇವರೆಂಬುದು ಕಾವ್ಯದ ಸೊಗಸು.

ಈ ತಕ್ಕಡಿಯಲ್ಲಿ ಹೊರದೇಶದ ಒಂದು ಪುಸ್ತಕವನ್ನಿಟ್ಟು ನೋಡೋಣ. ಅಮೆರಿಕದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಪ್ರಕಟಿಸಿದ 'ಹಂಟಿಂಗ್ ವಿತ್ ದಿ ಬೋ ಅಂಡ್ ಆ್ಯರೋ' ಬಿಲ್ಲುಗಾರರಿಗೆ ಇಂದಿಗೂ ಪಠ್ಯದಂತಿದೆ. ಅವನಿಗೆ ಬಿಲ್ಲನ್ನು ಕಲಿಸಿದವನು ಇಶಿ. ಕ್ಯಾಲಿಫೋರ್ನಿಯದ ಯಾಹಿ ಜನದಲ್ಲಿ ಕೊನೆಗುಳಿದ ಈತ 1911ರ ಆಗಸ್ಟಿನಲ್ಲಿ ಹಸಿದು ಓರೊವಿಲ್ ಪಟ್ಟಣದ ಬಳಿ ಕಾಣಿಸಿಕೊಂಡ. ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯದಲ್ಲಿದ್ದು 1916ರಲ್ಲಿ ಕ್ಷಯದಿಂದ ತೀರಿಕೊಂಡ. ಇಶಿ ಎಂದರೆ ಅವನ ನುಡಿಯಲ್ಲಿ ಮನುಷ್ಯ. ಸ್ವಂತ ಹೆಸರನ್ನು ಅವನು ಹೇಳಲೇ ಇಲ್ಲ.

ಪೋಪ್ ಬರೆದಂತೆ, ದೂರದ ಗುರಿಹಲಗೆಯ ಮುಂದೆ ಇಶಿ ಸಾಧಾರಣ ಬಿಲ್ಲುಗಾರ, ಕಾಡಿನಲ್ಲಿ ಅಸಾಧಾರಣ. ಬೇಟೆಯ ಹಿಂದಿನ ದಿನ ಮೀನು ಮುಟ್ಟುವುದಿಲ್ಲ, ಹೊಗೆ ಸೇದುವುದಿಲ್ಲ. ಬೆಳಗ್ಗೆ ಹಳ್ಳದಲ್ಲಿ ಮಿಂದು, ಪರಿಮಳದ ಎಲೆಯಿಂದ ಮೈ ಉಜ್ಜಿ, ಉಪವಾಸವಿದ್ದು ಹೊರಡುತ್ತಾನೆ. ತುಂಬಿಸಿದ ಜಿಂಕೆಯ ತಲೆಯನ್ನು ತೊಟ್ಟು ಪೊದೆಯ ಹಿಂದೆ ಆಡಿಸಿ, ಜಿಂಕೆಯೇ ಕುತೂಹಲದಿಂದ ಹತ್ತಿರ ಬರುವಂತೆ ಮಾಡುತ್ತಾನೆ. ಬೇಟೆಗೆ ಒಡ್ಡುವ ಮೃಗಕ್ಕೆ 'ದೀವ' ಎಂಬ ಹೆಸರುಳ್ಳ ಹಳಗನ್ನಡದ ಓದುಗರಿಗೆ ಇದು ಅಪರಿಚಿತವೆನಿಸದು. ಜಿಂಕೆ ಹೇಗೆ ನೋಡುತ್ತದೆ, ಹೇಗೆ ಮೂಸುತ್ತದೆ ಎಂದು ತಿಳಿದವನಿಗೆ ಮಾತ್ರ ಸಾಧ್ಯವಾದ ಬೇಟೆ ಇದು.

ಪೋಪನ ಪುಸ್ತಕದಲ್ಲಿ ಇಶಿಯ ಅಧ್ಯಾಯ ಮೇಲುಮಟ್ಟದ್ದು. ಅಲ್ಲಿ ಗೆಳೆತನವಿದೆ, ವಿನಯವಿದೆ. ಆದರೆ ಇಶಿ ತೀರಿಕೊಂಡ ಮೇಲಿನ ಕಾಡುಗಳಲ್ಲಿ ಬರಹದ ಹದ ಬದಲಾಗುತ್ತದೆ. 1920ರಲ್ಲಿ ಯೆಲ್ಲೊಸ್ಟೋನಿನಲ್ಲಿ ಸಂಗ್ರಹಾಲಯಕ್ಕೆಂದು ಕರಡಿಗಳನ್ನು ಹೊಡೆದ ಕಥನದಲ್ಲಿ ಬಿಲ್ಲಿನ ಬಲ ಸಾಬೀತಾಗುತ್ತದೆ. ಪ್ರಾಣಿ ಮಾತ್ರ ಸಾಕ್ಷ್ಯದ ವಸ್ತುವಾಗುತ್ತದೆ. ಶಿಷ್ಯ ಗುರುವಿನ ಬಿಲ್ಲನ್ನು ಪಡೆದ, ಉಪವಾಸವನ್ನು ಪಡೆಯಲಿಲ್ಲ.

ಇದಕ್ಕಿಂತ ಭಾರವಾದ ಮಾತೊಂದಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಬಿಳಿಯ ವಲಸಿಗರು ಯಾಹಿ ಜನರನ್ನು ಬಂದೂಕು ಹಿಡಿದು ಬೇಟೆಯಾಡಿದ್ದರು. ಅಳಿದುಳಿದವರು ಸುಮಾರು ನಲವತ್ತು ವರ್ಷ ಕಣಿವೆಗಳಲ್ಲಿ ಅಡಗಿ ಬಾಳಿದರು. ಥಿಯೊಡೊರಾ ಕ್ರೋಬರ್ 1961ರಲ್ಲಿ ಬರೆದ ಇಶಿಯ ಚರಿತ್ರೆಯನ್ನು ಓದಿದ ಮೇಲೆ ಪೋಪನ ಪುಟಗಳು ಮೊದಲಿನಂತೆ ಉಳಿಯುವುದಿಲ್ಲ. ಸದ್ದಿಲ್ಲದೆ ನಡೆಯುವ, ಗಾಳಿಯನ್ನು ಅರಿಯುವ ಆ ವಿದ್ಯೆಯನ್ನು ಇಶಿ ಬೇಟೆಗಾರನಾಗಿ ಮಾತ್ರವಲ್ಲ, ಬೇಟೆಯಾಗಿಯೂ ಕಲಿತಿದ್ದ. ಕಾಳಿದಾಸನ ಜಿಂಕೆಯಂತೆ ಅವನೂ ಕೊರಳು ತಿರುಗಿಸಿ ನೋಡುತ್ತ ಬದುಕಿದವನು.

ಆದ್ದರಿಂದ ಮೊದಲ ಬೇಟೆಯ ಕಥೆ ಕೈಗೆ ಬಂದಾಗ ನಾನು ಬಾಣ ನಾಟಿತೇ ಎಂದು ಕೇಳುವುದಿಲ್ಲ. ಅದು ಹೊರಟದ್ದು ಯಾರ ಹಸಿವಿಗಾಗಿ, ಹೊರಡುವ ಮುನ್ನ ಬರೆದವನು ಜಿಂಕೆಯನ್ನು ಕಂಡನೇ ಎಂದು ಕೇಳುತ್ತೇನೆ. ಕಂಡಿದ್ದರೆ, ಬಾಣ ಬಿಟ್ಟರೂ ಸರಿ, ತಡೆದರೂ ಸರಿ, ಆ ಬರಹ ಸಾಹಿತ್ಯ. ಕಾಣದಿದ್ದರೆ ಅದು ಲೆಕ್ಕದ ಪುಸ್ತಕ.