ಬಂಪರಿನ ಹಗ್ಗ

ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತವರಿಗೆ ಮುಂದಿನ ಗಾಡಿಯ ಬಂಪರಿಗೆ ಸುತ್ತಿದ ಕರಿ ಹಗ್ಗ ಹೊಸದೇನಲ್ಲ. ದೃಷ್ಟಿ ತಾಗದಿರಲಿ ಎಂದು ಕಟ್ಟುವುದು. ಅದು ಮನುಷ್ಯರ ಕೂದಲಿನ ಹಗ್ಗ ಎಂಬುದು ನನಗೆ ಗೊತ್ತಾದದ್ದು ತೀರಾ ತಡವಾಗಿ, ಕಲಾವಿದೆ ಶೀಲಾ ಗೌಡರ ಒಂದು ಕೃತಿಯ ದೆಸೆಯಿಂದ.

2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿದ್ದ ಆ ಕೃತಿಯ ಹೆಸರು ‘ಬಿಹೋಲ್ಡ್’. ಸುಮಾರು 4,000 ಮೀಟರ್ ಕೂದಲ ಹಗ್ಗ, ಒಂದಷ್ಟು ಕಾರಿನ ಉಕ್ಕಿನ ಬಂಪರುಗಳು, ಅಷ್ಟೇ. ಹಗ್ಗ ಗೋಡೆಯುದ್ದಕ್ಕೂ ಇಳಿಬಿದ್ದು, ನೆಲದ ಮೇಲೆ ಸಿಂಬೆ ಸಿಂಬೆಯಾಗಿ ಬಿದ್ದುಕೊಂಡು, ಭಾರದ ಬಂಪರುಗಳನ್ನು ಹೊತ್ತಿದೆ. ಹರಕೆ ತೀರಿಸಲು ದೇವಸ್ಥಾನದಲ್ಲಿ ಕೊಟ್ಟ ಮುಡಿಯಲ್ಲಿ ಉದ್ದದ್ದೆಲ್ಲ ವಿಗ್ಗಿನವರ ಪಾಲು. ಗಿಡ್ಡದ್ದು ಹಗ್ಗ ಹೊಸೆಯುವವರ ಕೈಗೆ. ದೇವರಿಗೆ ಒಪ್ಪಿಸಿದ್ದು ಹೀಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಬಂಪರಿಗೆ ಬಂದು ಕಾವಲು ಕೂರುತ್ತದೆ. ಈ ಕೃತಿ ಈಗ ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ.

ಶೀಲಾರಂಥವರನ್ನು ‘ಬಹುಮಾಧ್ಯಮ ಕಲಾವಿದೆ’ ಎಂದು ಕರೆಯುವುದು ವಾಡಿಕೆ. ನನಗೇಕೋ ಆ ಮಾತು ಒಗ್ಗುವುದಿಲ್ಲ. ಪೇಟೆ ಸುತ್ತಿ ಬಗೆಬಗೆಯ ಸಾಮಾನು ಕೊಂಡು ತಂದವರ ಹಾಗೆ ಕೇಳಿಸುತ್ತದೆ. ಶೀಲಾ ಎತ್ತಿಕೊಂಡ ಒಂದೊಂದು ವಸ್ತುವೂ ಅವರ ಬಳಿ ಬರುವ ಮೊದಲೇ ಯಾರದೋ ಕೈಯಲ್ಲಿ ದುಡಿದದ್ದು. ಆ ದುಡಿಮೆಯ ಗುರುತನ್ನು ಅವರು ಉಜ್ಜಿ ತೆಗೆಯುವುದಿಲ್ಲ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಪದವಿ. ಅಲ್ಲಿಯವರೆಗೆ ಎಣ್ಣೆಬಣ್ಣದ ಚಿತ್ರಕಾರ್ತಿ. 1990ರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ, ಸಗಣಿಗೆ ಕೈ ಹಾಕಿದರು. ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ಸಗಣಿ. ಗೋವಿನ ಹೆಸರಿನಲ್ಲಿ ರಾಜಕೀಯ ಮಾಡುವವರ ಸಗಣಿಯೂ ಅದೇ. ಒಂದೇ ಮುದ್ದೆಯಲ್ಲಿ ಎರಡೂ.

1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಗಾಗಿ ಸೂಜಿಗೆ ದಾರ ಪೋಣಿಸುತ್ತಾ ಹೋದರು. ನೂರಾರು ಅಡಿ ಉದ್ದದ ದಾರಗಳನ್ನು ಒಟ್ಟುಗೂಡಿಸಿ, ಅಂಟು ಬೆರೆಸಿದ ಕುಂಕುಮ ಸವರಿದರೆ ಅದು ಹೊಕ್ಕುಳಬಳ್ಳಿಯಂಥ ಕೆಂಪು ಹಗ್ಗ; ತುದಿಯಲ್ಲಿ ಮಾತ್ರ ಸೂಜಿಗಳ ಗೊಂಚಲು. ದೂರದಿಂದ ಚೆಂದ. ಹತ್ತಿರ ಹೋದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು 2006ರ ‘ಡಾರ್ಕ್‌ರೂಮ್’. ರಸ್ತೆ ಕೆಲಸದವರು ಖಾಲಿ ಟಾರು ಡ್ರಮ್ಮುಗಳನ್ನು ಬಡಿದು ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ಕಂಡಿರುತ್ತೀರಿ. ಈ ಕೃತಿಯಲ್ಲೂ ಅದೇ ಡ್ರಮ್ಮು, ಅದೇ ತಗಡು. ಹೊರಗೆ ಕಂಬಗಳ ಕೋಟೆಯಂಥ ಗತ್ತು, ಒಳಗೆ ಹೋಗಬೇಕೆಂದರೆ ಮೈ ಬಗ್ಗಿಸಲೇಬೇಕು. ಹೋದ ಮೇಲೆ ತಲೆಯ ಮೇಲಿನ ತಗಡಿನ ತೂತುಗಳಿಂದ ಬೆಳಕು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ಬಡತನವನ್ನು ಅಂದಗೊಳಿಸಿದರು ಎನ್ನುವವರಿದ್ದಾರೆ. ಸೊಂಟ ಬಗ್ಗಿಸಿ ಒಳಹೊಕ್ಕವರಿಗೆ ಆ ಮಾತು ಸಲೀಸಾಗಿ ಬರಲಾರದು.

ಒಂದು ಸಣ್ಣ ತಕರಾರು ನನ್ನದೂ ಇದೆ: ಸಾಮಗ್ರಿಯೆಲ್ಲ ನಮ್ಮ ಹಿತ್ತಲಿನದು, ಹೆಸರುಗಳು ಮಾತ್ರ ಇಂಗ್ಲಿಷಿನವು.

2012ರಲ್ಲಿ ಮೊದಲ ಕೊಚ್ಚಿ ಬಿಯೆನಾಲೆಗೆ ಅವರು ಪತಿ ಕ್ರಿಸ್ಟೋಫ್ ಸ್ಟೋರ್ಜ್ ಜೊತೆ ಕರ್ನಾಟಕದಿಂದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು ಸಾಗಿಸಿದರು. ಮಿಕ್ಸಿ ಬಂದ ಮೇಲೆ ಬೀದಿಗೆ ಬಿದ್ದ ಕಲ್ಲುಗಳು ಅವು. ಪ್ರದರ್ಶನದ ಕಟ್ಟಡದ ಒಳಗೂ ಹೊರಗೂ, ದಕ್ಕೆಯ ಕಡೆಗೆ ಹೊರಟು ನಿಂತಂತೆ ಅವುಗಳನ್ನು ಹರಡಿದ್ದರು. ನಮ್ಮ ಹಳೆ ಮನೆ ಕೆಡವಿದಾಗ ಅಮ್ಮ ಒರಳುಕಲ್ಲನ್ನು ಎಸೆಯಲು ಬಿಡಲಿಲ್ಲ. ಇಟ್ಟುಕೊಳ್ಳಲು ಫ್ಲ್ಯಾಟಿನಲ್ಲಿ ಜಾಗವಿರಲಿಲ್ಲ. ಅದೀಗ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದಲ್ಲಿದೆ. ಮಳೆ ಬಂದರೆ ಕುಳಿಯಲ್ಲಿ ನೀರು ನಿಲ್ಲುತ್ತದೆ, ವಾಚ್‌ಮನ್ನನ ನಾಯಿ ಕುಡಿಯುತ್ತದೆ.